ದೊಡ್ಡ ಪ್ರಶ್ನೆಗೆ ಸಣ್ಣ ಬಾಗಿಲು: ‘ಹರಿಕಥಾಮೃತಸಾರ’ವನ್ನು ಪ್ರವೇಶಗ್ರಂಥವಾಗಿ ಓದುವುದು

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಾಡಿದ ಮಂಡನೆಯ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)



ಇವತ್ತಿನ ಗೋಷ್ಠಿಯ ವಿಷಯ, ತತ್ತ್ವಶಾಸ್ತ್ರದ ದೊಡ್ಡ ಪ್ರಶ್ನೆಗಳನ್ನು ಹೊಸಬರಿಗೆ ಪರಿಚಯಿಸುವುದು ಹೇಗೆ ಅನ್ನೋದು. ನಾನ್ಯಾರು, ನಾನು ಮಾಡುವುದೆಲ್ಲ ನಿಜಕ್ಕೂ ನಾನೇ ಮಾಡ್ತಿದೀನಾ, ಕರುಣೆಯುಳ್ಳ ದೇವರಿದ್ದರೆ ಕಷ್ಟ ಯಾಕಿದೆ, ಇಂಥವು. ಇದಕ್ಕೆ ನಾನು ಆರಿಸಿಕೊಂಡಿರೋದು ಜಗನ್ನಾಥದಾಸರ ‘ಹರಿಕಥಾಮೃತಸಾರ’. ಪರೀಕ್ಷೆಯಲ್ಲಿ ನಾವೆಲ್ಲ ಒಂದು ವಾಕ್ಯ ಬರೆದೇ ಇರ್ತೀವಿ: “ದಾಸಸಾಹಿತ್ಯವು ಕಠಿಣವಾದ ತತ್ವಗಳನ್ನು ಸರಳಗನ್ನಡದಲ್ಲಿ ಜನಸಾಮಾನ್ಯರಿಗೆ ತಲುಪಿಸಿತು.” ಅಂಕವೂ ಸಿಗ್ತದೆ. ಈ ವಾಕ್ಯ ಈ ಕೃತಿಯ ಮಟ್ಟಿಗೆ ನಿಜವಲ್ಲ ಅನ್ನೋದು ನನ್ನ ವಾದ. ಹರಿಕಥಾಮೃತಸಾರ ಸರಳ ಕೃತಿಯಲ್ಲ. ಆದರೂ ಅದು ಹೊಸಬರನ್ನು ಒಳಗೆ ಕರೆದುಕೊಳ್ಳುತ್ತದೆ. ಹಾಗಾದರೆ ಸರಳಗೊಳಿಸುವುದು ಬೇರೆ, ಪ್ರವೇಶ ಕೊಡುವುದು ಬೇರೆ. ಆ ವ್ಯತ್ಯಾಸವನ್ನು ಇವತ್ತು ಬಿಡಿಸಿ ನೋಡಬೇಕು.

1. ಈ ಸೀಮೆ, ಈ ಕೃತಿ

ನಾನು ಕೃಷ್ಣಾ ಮಂಡಲದವಳು. ನಾರಾಯಣಪೇಟೆ ಜಿಲ್ಲೆ, ತೆಲಂಗಾಣ. ಹೊಳೆ ದಾಟಿದರೆ ರಾಯಚೂರು. ನಮ್ಮ ಕಡೆ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಆದರೆ ಶಾಲೆ ಮುಗಿದ ಮೇಲೆ ಮುಂದೆ ಓದಬೇಕೆನ್ನುವವರು ತೆಲುಗಿಗೋ ಇಂಗ್ಲಿಷಿಗೋ ಹೊರಳಬೇಕು, ಇಲ್ಲಾಂದ್ರೆ ಹೊಳೆ ದಾಟಬೇಕು. ದೊಡ್ಡ ಪ್ರಶ್ನೆಗಳು ಮನಸ್ಸಿಗೆ ಬರುವ ವಯಸ್ಸು ಯಾವುದು? ಹದಿನಾರು, ಹದಿನೇಳು. ಸರಿಯಾಗಿ ಅದೇ ಹೊತ್ತಿಗೆ ನಮ್ಮ ಕಡೆಯ ಮಕ್ಕಳ ಭಾಷೆ ಬದಲಾಗ್ತದೆ. ಪ್ರಶ್ನೆ ಹುಟ್ಟೋದು ಕನ್ನಡದಲ್ಲಿ, ಅದನ್ನು ಕೇಳಬೇಕಾಗಿರೋದು ಬೇರೆ ಭಾಷೆಯಲ್ಲಿ. ಹಾಗಾಗಿ ಪ್ರವೇಶಗ್ರಂಥ ಅನ್ನೋದು ನನಗೆ ಬರೀ ಪಠ್ಯಕ್ರಮದ ವಿಷಯವಾಗಿ ಕಾಣೋದಿಲ್ಲ.

ಇದೇ ಸೀಮೆಯಲ್ಲಿ 18ನೆಯ ಶತಮಾನದಲ್ಲಿ ಇಂಥದೇ ಒಂದು ಭಾಷೆಯ ಪ್ರಶ್ನೆ ಎದ್ದಿತ್ತು. ವಿಜಯದಾಸರು (1682–1755) ಮಾನ್ವಿ ತಾಲ್ಲೂಕಿನ ಚೀಕಲಪರವಿಯವರು. ಅವರ ಶಿಷ್ಯರು ಗೋಪಾಲದಾಸರು (1722–1762) ದೇವದುರ್ಗದ ಕಡೆಯ ಮೊಸರಕಲ್ಲಿನವರು, ನೆಲೆ ನಿಂತದ್ದು ಈಗ ಜೋಗುಳಾಂಬ ಗದ್ವಾಲ ಜಿಲ್ಲೆಯಲ್ಲಿರುವ ಉತ್ತನೂರಿನಲ್ಲಿ. ಅವರ ಶಿಷ್ಯರು ಜಗನ್ನಾಥದಾಸರು (1728–1809), ಮಾನ್ವಿ ತಾಲ್ಲೂಕಿನ ಬ್ಯಾಗವಟ್ಟದವರು. ಕೃಷ್ಣೆ ತುಂಗಭದ್ರೆಯರ ನಡುವಿನ ಸೀಮೆಯಲ್ಲೇ ಈ ಊರುಗಳೆಲ್ಲ ಇವೆ. ಗದ್ವಾಲದ ಕಡೆ ಅದನ್ನ ‘ನಡಿಗಡ್ಡ’ ಅಂತಾರೆ. ಇವತ್ತು ಅದರ ನಡುವೆ ಎರಡು ರಾಜ್ಯಗಳ ಗಡಿ ಹಾದುಹೋಗಿದೆ. ಹಾಡಿಕೆಗೆ ಆ ಗಡಿ ಗೊತ್ತಿಲ್ಲ.

2. ಹೊಸಬ ಯಾರು?

ಸಂಪ್ರದಾಯ ಹೇಳುವ ಒಂದು ಕಥೆ ಇದೆ. ಜಗನ್ನಾಥದಾಸರ ಮೊದಲ ಹೆಸರು ಶ್ರೀನಿವಾಸಾಚಾರ್ಯ. ಸಂಸ್ಕೃತದಲ್ಲಿ ದೊಡ್ಡ ವಿದ್ವಾಂಸರು. ಕನ್ನಡದಲ್ಲಿ ಹಾಡಿಕೊಂಡು ತಿರುಗುವ ದಾಸರ ಬಗ್ಗೆ ತಾತ್ಸಾರ. ವಿಜಯದಾಸರು ಊಟಕ್ಕೆ ಕರೆದರೆ ಸಬೂಬು ಹೇಳಿ ತಪ್ಪಿಸಿಕೊಂಡರು. ಮುಂದೆ ಹೊಟ್ಟೆನೋವು ಹತ್ತಿತು, ಉಂಡದ್ದು ದಕ್ಕದಂತಾಯಿತು. ಕೊನೆಗೆ ವಿಜಯದಾಸರ ಮಾತಿನಂತೆ ಉತ್ತನೂರಿಗೆ ಗೋಪಾಲದಾಸರ ಹತ್ತಿರ ಬಂದರು. ಗೋಪಾಲದಾಸರು ಜೋಳದ ರೊಟ್ಟಿ ಕೊಟ್ಟು ವಾಸಿ ಮಾಡಿದರು. ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷವನ್ನೂ ಕೊಟ್ಟರು ಅಂತ ಕಥೆ ಮುಂದುವರಿಯುತ್ತದೆ.

ಇದನ್ನ ಚರಿತ್ರೆ ಅಂತ ನಾನು ಮಂಡಿಸ್ತಿಲ್ಲ. ಒಂದು ಸಮುದಾಯ ತನ್ನ ಮುಖ್ಯ ಗ್ರಂಥದ ಹುಟ್ಟಿನ ಬಗ್ಗೆ ಹೇಳಿಕೊಂಡ ಕಥೆ ಅಂತ ಓದ್ತಿದೀನಿ. ಹಾಗೆ ಓದಿದಾಗ ಎರಡು ಸಂಗತಿ ಕಾಣಿಸ್ತವೆ. ಒಂದು, ಇಲ್ಲಿ ಹೊಸಬ ಅನ್ನಿಸಿಕೊಳ್ಳುವವನು ಅಕ್ಷರ ಬಾರದವನಲ್ಲ, ಪಂಡಿತ. ಶಾಸ್ತ್ರವೆಲ್ಲ ಗೊತ್ತು, ಅದು ಮೈಗೆ ಹತ್ತಿಲ್ಲ. ಎರಡು, ಕಾಯಿಲೆಯೂ ಔಷಧಿಯೂ ಎರಡೂ ಊಟಕ್ಕೆ ಸಂಬಂಧಪಟ್ಟವು. ಒಟ್ಟಿಗೆ ಕೂತು ಉಣ್ಣಲು ಒಲ್ಲೆ ಅಂದವನಿಗೆ ಉಣ್ಣುವುದೇ ಆಗದಂತಾಯಿತು. ಕಲಿಸುವವರು ಕಲಿಯುವವರ ಪಂಕ್ತಿಯಲ್ಲಿ ಕೂರಬೇಕು ಅನ್ನೋದು ಕಥೆಯ ಒಳಗಿನ ಮಾತು. ‘ಜನಸಾಮಾನ್ಯರಿಗೆ ತಲುಪಿಸಿತು’ ಅನ್ನುವ ನಮ್ಮ ವಾಕ್ಯದಲ್ಲಿ ತತ್ವ ಮೇಲಿನಿಂದ ಕೆಳಗೆ ಇಳಿಯುತ್ತದೆ. ಕಥೆಯಲ್ಲಿ ಹಾಗಿಲ್ಲ. ಮೇಲಿದ್ದವನೇ ಇಳಿದು ಬಂದು ಕಲಿಯುತ್ತಾನೆ.

3. ಗೊತ್ತಿರುವ ಮಟ್ಟು, ಗೊತ್ತಿಲ್ಲದ ಮಾತು

ಕೃತಿಗೆ ಬರೋಣ. ದಾಸರ ಕೈಯಲ್ಲಿ ಕೀರ್ತನೆ, ಸುಳಾದಿ, ಉಗಾಭೋಗ ಇದ್ದವು. ಜಗನ್ನಾಥದಾಸರೂ ಅವನ್ನು ಬರೆದಿದ್ದಾರೆ. ಈ ಗ್ರಂಥಕ್ಕೆ ಮಾತ್ರ ಅವರು ಭಾಮಿನಿ ಷಟ್ಪದಿ ಆರಿಸಿಕೊಂಡರು. ಯಾಕೆ? ಕೀರ್ತನೆಗೆ ಒಂದು ಪಲ್ಲವಿ, ಒಂದು ಭಾವ. ಹಾಡಿ ಮುಗಿದ ಮೇಲೆ ಮನಸ್ಸು ಪಲ್ಲವಿಗೇ ಮರಳುತ್ತದೆ. ದರ್ಶನಕ್ಕೆ ಅದು ಸಾಲದು. ಒಂದು ಮಾತಿನಿಂದ ಇನ್ನೊಂದು ಮಾತು ಹುಟ್ಟಬೇಕು, ಹಿಂದಿನದು ಒಪ್ಪಿಗೆಯಾದ ಮೇಲೆ ಮುಂದಿನದು ಬರಬೇಕು. ಅದಕ್ಕೆ ಸಾಗುವ ಛಂದಸ್ಸು ಬೇಕು.

ಭಾಮಿನಿಯ ಒಂದು ಪದ್ಯಕ್ಕೆ 102 ಮಾತ್ರೆ. ಮೂರು ನಾಲ್ಕು, ಮೂರು ನಾಲ್ಕು ಅಂತ ನಡೆಯುವ ಆ ಲಯ ಕುಮಾರವ್ಯಾಸನ ಭಾರತದಿಂದ ಹಳ್ಳಿ ಹಳ್ಳಿಯ ಕಿವಿಗೂ ಬಿದ್ದಿತ್ತು. ಅಂದರೆ ಕೇಳುವವರಿಗೆ ‘ಬಿಂಬ’, ‘ಪ್ರತಿಬಿಂಬ’, ‘ತಾರತಮ್ಯ’ ಅನ್ನೋ ಪರಿಭಾಷೆ ಹೊಸದು, ಆದರೆ ಮಟ್ಟು ಹಳೆಯದು. ಅರ್ಥ ಆಗದ ಜಾಗದಲ್ಲಿ ಲಯ ಕೈ ಹಿಡಿದು ಮುಂದಿನ ಸಾಲಿಗೆ ದಾಟಿಸುತ್ತದೆ. ಪರಿಭಾಷೆಯನ್ನು ಕವಿ ಕೈಬಿಡೋದೇ ಇಲ್ಲ. ಬಿಟ್ಟಿದ್ದರೆ ಸರಳವಾಗ್ತಿತ್ತು, ತತ್ವವೂ ಹೋಗಿಬಿಡ್ತಿತ್ತು.

ಎರಡನೆಯ ಸಂಧಿ ಕರುಣಾಸಂಧಿ. ಅಲ್ಲಿ ಬಹಳ ಹೆಸರುವಾಸಿಯಾದ ಒಂದು ಪದ್ಯವಿದೆ. ಹಾಡುವವನು ಯಾವ ಭಂಗಿಯಲ್ಲಿದ್ದರೂ, ಮೈಚೆಲ್ಲಿಕೊಂಡಿದ್ದರೂ ಸರಿ, ಕೇಳುವ ದೇವರು ಅವನಿಗಿಂತ ಒಂದು ಹೆಜ್ಜೆ ಹೆಚ್ಚಿನ ಆದರ ತೋರಿಸ್ತಾನೆ ಅನ್ನೋದು ಅದರ ಭಾವ. ಭಕ್ತಿಯ ಪದ್ಯ ಅಂತ ಇದನ್ನ ಎಲ್ಲರೂ ಹೇಳ್ತಾರೆ. ನನಗೆ ಇದು ಬೋಧನೆಯ ಪದ್ಯವಾಗಿಯೂ ಕಾಣ್ತದೆ. ಮೊದಲು ಯೋಗ್ಯತೆ ಸಂಪಾದಿಸಿಕೊಂಡು ಬಾ ಅಂತ ಬಾಗಿಲಲ್ಲಿ ನಿಲ್ಲಿಸೋದಿಲ್ಲ. ಇದ್ದ ಹಾಗೇ ಶುರು ಮಾಡು ಅನ್ನುತ್ತದೆ. ಯೋಗ್ಯತೆಯ ಮಾತು ಬರುತ್ತದೆ, ಆದರೆ ಆಮೇಲೆ. ಈ ‘ಆಮೇಲೆ’ ಅನ್ನೋದನ್ನ ನೆನಪಿಟ್ಟುಕೊಳ್ಳಿ.

4. ತಟ್ಟೆ ಮತ್ತು ಉಸಿರು

ಬರ್ಟ್ರಂಡ್ ರಸೆಲ್ 1912ರಲ್ಲಿ ಹೊಸಬರಿಗಾಗಿ ಬರೆದ ತತ್ತ್ವಶಾಸ್ತ್ರದ ಚಿಕ್ಕ ಪುಸ್ತಕದಲ್ಲಿ ಮೊದಲು ಕೈಗೆತ್ತಿಕೊಳ್ಳೋದು ಮುಂದಿರುವ ಮೇಜನ್ನು. ಮೇಜಿನ ಬಣ್ಣ ನಿಜಕ್ಕೂ ಯಾವುದು, ನಾವು ನೋಡ್ತಿರೋದು ಮೇಜನ್ನೇನಾ ಅಂತ ಕೇಳ್ತಾ ಕೇಳ್ತಾ ಜ್ಞಾನದ ಪ್ರಶ್ನೆಗೆ ಒಯ್ಯುತ್ತಾರೆ. ಓದುವವರ ಮುಂದೆ ಏನಿದೆಯೋ ಅದರಿಂದ ಶುರು. ಹರಿಕಥಾಮೃತಸಾರದ ನಾಲ್ಕನೆಯ ಸಂಧಿ ಭೋಜನ ಸಂಧಿ. ಅಲ್ಲಿ ಮುಂದಿರೋದು ಊಟದ ಎಲೆ. ಉಣ್ಣುವ ಒಂದೊಂದು ಪದಾರ್ಥದಲ್ಲೂ ಭಗವಂತನ ಒಂದೊಂದು ರೂಪವಿದೆ, ನಾವು ರುಚಿ ಅನ್ನೋದರ ಸಾರವನ್ನು ಒಳಗಿದ್ದು ಸ್ವೀಕರಿಸುವವನು ಅವನು ಅಂತ ಸಂಧಿ ಹೇಳುತ್ತದೆ. ನಂಬಿದವರಿಗೆ ಇದು ಉಪಾಸನೆ. ನಂಬದವರಿಗೂ ಇಲ್ಲಿ ಒಂದು ಪ್ರಶ್ನೆ ಉಳಿಯುತ್ತದೆ: ಉಣ್ಣುತ್ತಿರೋದು ಯಾರು? ಹಸಿವು ನನ್ನದು, ಜೀರ್ಣ ಮಾಡೋದು ನಾನಲ್ಲ. ತುತ್ತು ನುಂಗುವ ತನಕ ನನ್ನ ಕೆಲಸ, ನುಂಗಿದ ಮೇಲೆ ನನ್ನ ಮಾತು ನಡೆಯೋದಿಲ್ಲ. ‘ನಾನು’ ಅನ್ನೋದರ ಎಲ್ಲೆ ಎಲ್ಲಿಗೆ ಮುಗೀತು?

ಶ್ವಾಸ ಸಂಧಿಯಲ್ಲೂ ಇದೇ ಕ್ರಮ. ದಿನಕ್ಕೆ 21,600 ಉಸಿರು, ಪ್ರತಿ ಉಸಿರೂ ಹಂಸಮಂತ್ರದ ಜಪ, ಜಪ ನಡೆಸುವವನು ಒಳಗಿರುವ ಪ್ರಾಣ ಅನ್ನೋದು ಅಲ್ಲಿನ ನಿರೂಪಣೆ. ಸಂಖ್ಯೆಯನ್ನು ಭಾಗಿಸಿ ನೋಡಿದರೆ ನಿಮಿಷಕ್ಕೆ 15 ಬರ್ತದೆ. ಸುಮ್ಮನೆ ಕೂತವರ ಉಸಿರಿನ ಲೆಕ್ಕಕ್ಕೆ ಇದು ಹತ್ತಿರವೇ ಇದೆ. ನನಗೆ ಮುಖ್ಯ ಅನ್ನಿಸೋದು ಆ ಸಂಖ್ಯೆಯ ಕೆಲಸ. ಎಣಿಸಬಹುದಾದ್ದನ್ನು ಕೊಟ್ಟು, ಎಣಿಸುವವನು ಮಲಗಿದಾಗಲೂ ಅದು ನಡೀತಾ ಇರ್ತದೆ ಅನ್ನೋದನ್ನು ತೋರಿಸುತ್ತದೆ. ಸೂಕ್ಷ್ಮವಾದ ಒಂದು ಪರಿಕಲ್ಪನೆಯನ್ನು, ಅಂದರೆ ಜೀವನ ಕರ್ತೃತ್ವ ಪರಾಧೀನ ಅನ್ನೋದನ್ನು, ಶಬ್ದದಿಂದ ಶುರು ಮಾಡದೆ ಮೂಗಿನಿಂದ ಶುರು ಮಾಡ್ತಾರೆ. ಶಬ್ದ ಆಮೇಲೆ ಬರುತ್ತದೆ. ಬಂದಾಗ ಅದಕ್ಕೆ ನಿಲ್ಲಲು ಜಾಗ ಸಿದ್ಧವಾಗಿರುತ್ತದೆ.

5. ಕೊಟ್ಟ ಸ್ವಾತಂತ್ರ್ಯ ಸ್ವಾತಂತ್ರ್ಯವೇ?

ದತ್ತಸ್ವಾತಂತ್ರ್ಯ ಸಂಧಿ ಈ ಕೃತಿಯ ನಿಜವಾದ ಪರೀಕ್ಷೆ. ಎಲ್ಲವನ್ನೂ ದೇವರೇ ಮಾಡಿಸೋದಾದರೆ ಪಾಪ ನನಗೆ ಯಾಕೆ ಅಂಟಬೇಕು? ತತ್ತ್ವಶಾಸ್ತ್ರದ ತರಗತಿಯಲ್ಲಿ ಮೊದಲ ವಾರವೇ ಯಾರಾದರೊಬ್ಬರು ಕೇಳುವ ಪ್ರಶ್ನೆ ಇದು. ‘ದತ್ತಸ್ವಾತಂತ್ರ್ಯ’ ಅನ್ನೋ ಮಾತೇ ಒಂದು ಉತ್ತರ: ಜೀವನಿಗೆ ಸ್ವಾತಂತ್ರ್ಯ ಇದೆ, ಆದರೆ ಅದು ಕೊಟ್ಟದ್ದು. ಸಂಧಿಯ ಆರಂಭದಲ್ಲೇ ಸ್ವಾತಂತ್ರ್ಯವನ್ನು ಭಾಗಗಳಾಗಿ ಎಣಿಸಿ ಹಂಚುವ ಲೆಕ್ಕ ಬರುತ್ತದೆ. ಒಕ್ಕಲುತನದ ಸೀಮೆಯ ಕೇಳುಗರಿಗೆ ಈ ಭಾಷೆ ತಟ್ಟನೆ ಹತ್ತುತ್ತದೆ. ಹೊಲ ಧಣಿಯದು, ಉಳುಮೆ ನಿನ್ನದು, ರಾಶಿಯಲ್ಲಿ ಇಂತಿಷ್ಟು ಪಾಲು. ಪಾಲಿಗೆ ಮಾಡಿದವನು ಸ್ವತಂತ್ರನೋ ಅಲ್ಲವೋ? ಬೀಜ ಯಾವಾಗ ಹಾಕಬೇಕು ಅನ್ನೋದರಲ್ಲಿ ಹೌದು, ಹೊಲ ಬಿಟ್ಟುಕೊಡು ಅಂದಾಗ ಅಲ್ಲ. ಪಾಲಿನ ಈ ಹೋಲಿಕೆ ನನ್ನದು, ಗ್ರಂಥದ್ದಲ್ಲ. ಆದರೆ ಹಂಚಿಕೆಯ ಭಾಷೆ ಗ್ರಂಥದ್ದೇ.

ಇಲ್ಲಿ ನನ್ನ ತಕರಾರೂ ಇದೆ. ಜೀವನ ‘ಸ್ವಭಾವ ಯೋಗ್ಯತೆ’ಗೆ ತಕ್ಕಂತೆ ಈ ಸ್ವಾತಂತ್ರ್ಯ ಕೆಲಸ ಮಾಡುತ್ತದೆ ಅನ್ನೋದು ಸಿದ್ಧಾಂತ. ಯೋಗ್ಯತೆ ಅನಾದಿ, ಅದನ್ನು ದೇವರೂ ಬದಲಿಸೋದಿಲ್ಲ. ಅಂದರೆ ಹೊಣೆಯ ಪ್ರಶ್ನೆಯನ್ನು ದೇವರಿಂದ ಎತ್ತಿ ಸ್ವಭಾವದ ಮೇಲೆ ಇಟ್ಟಂತಾಯಿತು. ಪ್ರಶ್ನೆ ಬಿಡಿಸಲಿಲ್ಲ, ಜಾಗ ಬದಲಿಸಿತು. ನಾನು ಆರಿಸಿಕೊಳ್ಳದ ಸ್ವಭಾವಕ್ಕೆ ನಾನು ಹೊಣೆಯಾಗೋದು ಹೇಗೆ? ಇದನ್ನ ಗ್ರಂಥದ ಸೋಲು ಅಂತ ನಾನು ಕರೆಯೋದಿಲ್ಲ. ಈ ಪ್ರಶ್ನೆಯಲ್ಲಿ ಲೋಕದ ಯಾವ ದರ್ಶನವೂ ಪೂರ್ತಿ ಗೆದ್ದಿಲ್ಲ. ನನ್ನ ಮಾತು ಇಷ್ಟೇ: ಒಳ್ಳೆಯ ಪ್ರವೇಶಗ್ರಂಥ ತನ್ನ ಕಷ್ಟದ ಜಾಗವನ್ನು ಮುಚ್ಚೋದಿಲ್ಲ. ಓದುವವರು ಅಲ್ಲಿ ಎಡವಿ, ನಿಂತು, ಮುಂದಿನ ಪ್ರಶ್ನೆ ಕೇಳುವಷ್ಟು ಸಾಮಗ್ರಿ ಕೊಡುತ್ತದೆ. ದತ್ತಸ್ವಾತಂತ್ರ್ಯ ಸಂಧಿ ಆ ಸಾಮಗ್ರಿಯನ್ನು ಕೊಟ್ಟಿದೆ. ನಾನು ಈಗ ತಕರಾರು ತೆಗೆದಿದ್ದೂ ಅದರದೇ ಪರಿಭಾಷೆಯಲ್ಲಿ.

6. ‘ಆಮೇಲೆ’ ಬರುವ ತಾರತಮ್ಯ

ಕರುಣೆಯಿಂದ ಶುರುವಾದ ಗ್ರಂಥ ತಾರತಮ್ಯದ ಸಂಧಿಗಳಿಗೆ ಬರುತ್ತದೆ. ದೇವತೆಗಳಿಗೆ ಕಕ್ಷೆಗಳು, ಜೀವರಲ್ಲಿ ಮೇಲು ಕೀಳು, ದೈತ್ಯರಲ್ಲೂ ಕ್ರಮ. ಮಾಧ್ವ ಸಿದ್ಧಾಂತದ ಪ್ರಕಾರ ಕೆಲವು ಜೀವರು ಮುಕ್ತಿಗೆ ಯೋಗ್ಯರು, ಕೆಲವರು ನಿತ್ಯಸಂಸಾರಿಗಳು, ಕೆಲವರು ತಮಸ್ಸಿಗೇ ಹೋಗುವವರು. ಬಾಗಿಲಲ್ಲಿ ಎಲ್ಲರಿಗೂ ಬನ್ನಿ ಅಂದ ಮನೆಯ ಒಳಗೆ ಹೋದ ಮೇಲೆ ಗೊತ್ತಾಗ್ತದೆ, ಕೂರುವ ಜಾಗಗಳು ಮೊದಲೇ ನಿಗದಿಯಾಗಿವೆ ಅಂತ.

ಇನ್ನೊಂದು ಮಾತು. ಉತ್ತನೂರಿನ ಕಥೆಯಲ್ಲಿ ವಾಸಿ ಮಾಡಿದ್ದು ಜೋಳದ ರೊಟ್ಟಿ. ಭೋಜನ ಸಂಧಿಯ ಎಲೆಯ ಮೇಲೆ ಕಾಣೋದು ಹಾಲು, ಮೊಸರು, ತುಪ್ಪ, ಭಕ್ಷ್ಯ. ಅದು ನೈವೇದ್ಯದ ಎಲೆ, ಮಡಿಯ ಎಲೆ. ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗುವ ಹೆಣ್ಣುಮಗಳ ರೊಟ್ಟಿ, ಖಾರ, ಉಳ್ಳಾಗಡ್ಡಿ ಆ ಪಟ್ಟಿಗೆ ಸೇರ್ತವಾ? ಸರ್ವವ್ಯಾಪ್ತಿ ಅನ್ನುವ ತತ್ವದ ಪ್ರಕಾರ ಸೇರಲೇಬೇಕು. ವ್ಯಾಪ್ತಿ ಸಂಧಿಯನ್ನು ಮೂರನೆಯದಾಗಿ ಇಟ್ಟು ಆಮೇಲೆ ಊಟಕ್ಕೆ ಬಂದ ಕವಿಯ ಕ್ರಮವೇ ಹಾಗೆ ಕೇಳಲು ನಮಗೆ ಹಕ್ಕು ಕೊಡುತ್ತದೆ. ಉದಾಹರಣೆಗಳು ಮಾತ್ರ ಒಂದು ಮನೆಯ ಅಡಿಗೆಯಿಂದ ಬಂದಿವೆ. ಹೊಸಬರಿಗೆ ಬರೆಯುವವರು ಆರಿಸಿಕೊಳ್ಳುವ ಉದಾಹರಣೆಯೇ ಯಾರು ಹೊಸಬರು, ಯಾರು ಹೊರಗಿನವರು ಅನ್ನೋದನ್ನು ನಿರ್ಧರಿಸಿಬಿಡುತ್ತದೆ. ವೇದಾಧ್ಯಯನದಿಂದ ದೂರ ಇಟ್ಟಿದ್ದ ಹೆಣ್ಣುಮಕ್ಕಳು ಇವತ್ತು ಈ ಗ್ರಂಥವನ್ನು ಭಜನಾ ಮಂಡಳಿಗಳಲ್ಲಿ ಬಾಯಿಪಾಠ ಹೇಳ್ತಾರೆ. ಅದು ಸಣ್ಣ ಸಂಗತಿಯಲ್ಲ. ಆದರೆ ಬಾಗಿಲು ಅಷ್ಟೇ ಅಗಲ ತೆರೆಯಿತು ಅನ್ನೋದೂ ಸಣ್ಣ ಸಂಗತಿಯಲ್ಲ.

ನಾನು ಕೇಳಿದ ಪ್ರವಚನಗಳಲ್ಲಿ ಹೆಚ್ಚಿನವು ಕರುಣಾಸಂಧಿಯಲ್ಲೇ ತಂಗುತ್ತವೆ. ಹಿತವಾಗಿರೋದು ಅದೇ. ತಾರತಮ್ಯವನ್ನು ಬಿಟ್ಟು ಕರುಣೆಯನ್ನಷ್ಟೇ ಹೇಳಿದರೆ ನಿಜವಾಗಿಯೂ ಸರಳೀಕರಣ ಆಗೋದು ಆಗ. ಜಗನ್ನಾಥದಾಸರು ಆ ಕೆಲಸ ಮಾಡಲಿಲ್ಲ, ನಾವು ಮಾಡ್ತಿದೀವಿ.

7. ಇನ್ನೆರಡು ಬಾಗಿಲು

ಇದೇ ನಾಡಿನಲ್ಲಿ ತತ್ವಪದಕಾರರು ಬೇರೊಂದು ಬಾಗಿಲು ತೆರೆದರು. ಕಡಕೋಳ ಮಡಿವಾಳಪ್ಪ, ಶಿಶುನಾಳ ಷರೀಫರ ಪರಂಪರೆ. ಅಲ್ಲಿ ಗೊತ್ತಿರುವ ವಸ್ತುವಿನಿಂದ ಗೊತ್ತಿಲ್ಲದ್ದಕ್ಕೆ ಹೋಗೋದಿಲ್ಲ. ಗೊತ್ತಿರುವ ವಸ್ತುವನ್ನೇ ಗೊತ್ತಿಲ್ಲದಂತೆ ಮಾಡಿಬಿಡ್ತಾರೆ. ಕೋಳಿ, ಕೊಡ, ಬೀಸುವ ಕಲ್ಲು ಎಲ್ಲವೂ ಒಗಟಾಗ್ತವೆ. ಏಕತಾರಿಯ ಜೊತೆ ಕೇಳಿದವರು ಮೊದಲು ನಗ್ತಾರೆ, ಆಮೇಲೆ ‘ಏನು ಹೇಳ್ದ ಇಂವ?’ ಅಂತ ಕೇಳ್ಕೊಳ್ತಾರೆ. ಉತ್ತರ ಪದದಲ್ಲಿಲ್ಲ, ಗುರುವಿನ ಹತ್ತಿರ ಇದೆ. ಬಾಗಿಲು ಯಾವ ಜಾತಿಯವರಿಗೂ ತೆರೆದಿದೆ. ಆದರೆ ಒಳಗೆ ದೀಪ ಇಲ್ಲ, ಜೊತೆಗೆ ಒಬ್ಬರು ಬೇಕು. ಇದೂ ಸರಳವಲ್ಲ.

ಮೂರನೆಯದು ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’, 1943ರದು, 945 ಪದ್ಯ. ಶುರುವಿನಲ್ಲೇ ಬಾಳಿನ ಅರ್ಥವೇನು, ಜಗತ್ತಿನ ಅರ್ಥವೇನು ಅಂತ ನೇರವಾಗಿ ಕೇಳುತ್ತದೆ. ಕೇಳುವವನು ತನ್ನನ್ನು ಮಂಕ ಅಂತ ಕರೆದುಕೊಂಡಿದ್ದು ದೊಡ್ಡ ಉಪಾಯ, ಹೊಸಬರ ಅಂಜಿಕೆ ಅಲ್ಲೇ ಹೋಗುತ್ತದೆ. ಕಷ್ಟ ಏನಂದ್ರೆ, ಕಗ್ಗದ ಪದ್ಯಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಹಾಗಾಗಿ ಒಂದೊಂದೇ ಪದ್ಯ ಕ್ಯಾಲೆಂಡರಿಗೆ, ವಾಟ್ಸಾಪಿಗೆ, ಭಾಷಣದ ಕೊನೆಗೆ ಬಂದು ಕೂರುತ್ತದೆ. ಅನುಮಾನದ ಪದ್ಯ ಸಮಾಧಾನದ ಪದ್ಯವಾಗಿ ಬಳಕೆಯಾಗ್ತದೆ. ಕವಿ ಕೇಳಿದ ಪ್ರಶ್ನೆಗೆ ಓದುಗರು ‘ಆಹಾ’ ಅಂದು ಮುಂದೆ ಹೋಗ್ತಾರೆ.

ಎಂ. ಹಿರಿಯಣ್ಣನವರು ಮೈಸೂರು ವಿಶ್ವವಿದ್ಯಾಲಯದ ಉಪನ್ಯಾಸಗಳಿಂದ ರೂಪಿಸಿ 1932ರಲ್ಲಿ ಇಂಗ್ಲಿಷಿನಲ್ಲಿ ಹೊರತಂದ ಭಾರತೀಯ ತತ್ತ್ವಶಾಸ್ತ್ರದ ರೂಪರೇಖೆ ಕಾಲಕ್ರಮದ ದಾರಿ ಹಿಡಿಯುತ್ತದೆ. ವೇದದಿಂದ ಶುರು, ವೇದಾಂತದಲ್ಲಿ ಮುಕ್ತಾಯ. ತರಗತಿಗೆ ಅದು ಬೇಕು. ಆದರೆ ಕಾಲಕ್ರಮ ನಮಗೆ ‘ಯಾರು ಏನಂದರು’ ಅನ್ನೋದನ್ನು ಕಲಿಸುತ್ತದೆ. ‘ನನಗೆ ಯಾಕೆ ಬೇಕು’ ಅನ್ನೋದು ಅದಕ್ಕೂ ಮೊದಲೇ ಹುಟ್ಟಿರಬೇಕು.

8. ಮುಗಿಸುವ ಮುನ್ನ

ಹೊಸಬರಿಗಾಗಿ ಬರೆದ ತತ್ವದ ಕೃತಿಯನ್ನು ವಿಮರ್ಶೆ ಮಾಡುವಾಗ ‘ಭಾಷೆ ಸರಳವಾಗಿದೆಯೇ’ ಅನ್ನೋದು ದುರ್ಬಲವಾದ ಅಳತೆ. ಅದರ ಬದಲು ಮೂರು ಪ್ರಶ್ನೆ ಕೇಳೋಣ ಅನ್ನೋದು ನನ್ನ ಸೂಚನೆ. ಓದುವವರ ಕೈಗೆ ಸಿಗುವ ವಸ್ತುವಿನಿಂದ ಶುರು ಮಾಡಿದೆಯೇ, ಮತ್ತು ಯಾರ ಕೈಗೆ? ತನ್ನ ವಾದದ ಕಷ್ಟದ ಜಾಗವನ್ನು ತೋರಿಸಿದೆಯೇ? ಓದಿ ಮುಗಿಸಿದವರು ಗ್ರಂಥದ ವಿರುದ್ಧವೇ ಒಂದು ಪ್ರಶ್ನೆ ಕೇಳಬಲ್ಲರೇ? ಹರಿಕಥಾಮೃತಸಾರ ಎರಡನೆಯದರಲ್ಲೂ ಮೂರನೆಯದರಲ್ಲೂ ಗೆಲ್ಲುತ್ತದೆ. ಮೊದಲನೆಯದರಲ್ಲಿ ಅರ್ಧ ಗೆಲ್ಲುತ್ತದೆ.

ಸಂವಾದ

ಮಂಡನೆಯ ನಂತರ ಅಧ್ಯಾಪಕರೊಬ್ಬರು ಕೇಳಿದರು: “ಒಂದು ಮತದ ಸಿದ್ಧಾಂತಗ್ರಂಥವನ್ನು ಎಲ್ಲರೂ ಕೂತಿರುವ ತರಗತಿಯಲ್ಲಿ ಇಡಬಹುದೇನಮ್ಮಾ? ನಂಬಿಕೆ ಇಲ್ಲದವರು ಏನು ಮಾಡಬೇಕು?”

ಇಡಬಹುದು ಸರ್, ಒಂದೇ ಷರತ್ತಿನ ಮೇಲೆ. ಕರುಣಾಸಂಧಿಯ ಜೊತೆಗೆ ತಾರತಮ್ಯವನ್ನೂ ಇಡಬೇಕು, ಪಕ್ಕದಲ್ಲಿ ಮಡಿವಾಳಪ್ಪನ ತತ್ವಪದವನ್ನೂ ಇಡಬೇಕು. ಎರಡೂ ಕನ್ನಡದವು, ಒಂದಕ್ಕೊಂದು ಒಪ್ಪದವು. ಹೊಸಬರಿಗೆ ಒಪ್ಪಿದ ಉತ್ತರಕ್ಕಿಂತ ಒಪ್ಪದ ಎರಡು ಉತ್ತರಗಳಿಂದ ಹೆಚ್ಚು ಉಪಯೋಗ ಆಗ್ತದೆ.

ಸಹಪಾಠಿಯೊಬ್ಬರ ಪ್ರಶ್ನೆ: “ಶಾಲೆ ಮುಗಿಸಿದ ಮಕ್ಕಳಿಗೆ ಭಾಮಿನಿ ಷಟ್ಪದಿ ಅರ್ಥ ಆಗ್ತದಾ?”

ಓದಿದರೆ ಆಗೋದಿಲ್ಲ, ಕೇಳಿದರೆ ಅರ್ಧ ಆಗ್ತದೆ. ಉಳಿದ ಅರ್ಧಕ್ಕೆ ಮೇಷ್ಟ್ರು ಬೇಕು. ನಮ್ಮ ಕಡೆಯ ಮಕ್ಕಳು ಹತ್ತನೆಯ ತರಗತಿ ದಾಟಿದ ಮೇಲೆ ಅವರಿಗೆ ಕನ್ನಡದ ಮೇಷ್ಟ್ರು ಸಿಗೋದು ಕಷ್ಟ, ನನ್ನ ಚಿಂತೆ ಇರೋದು ಅಲ್ಲಿ. ಗ್ರಂಥ ಇನ್ನೂರು ವರ್ಷ ದಾಟಿದರೂ ನಿಂತಿದೆ. ಅದನ್ನು ಮುಂದಿಟ್ಟುಕೊಂಡು ಹದಿನೇಳರ ಹುಡುಗಿಯೊಬ್ಬಳು ‘ಕೊಟ್ಟ ಸ್ವಾತಂತ್ರ್ಯ ಸ್ವಾತಂತ್ರ್ಯವೇ’ ಅಂತ ತನ್ನ ಭಾಷೆಯಲ್ಲಿ ಕೇಳಿದಾಗ, ಎದುರಿಗೆ ಕೂತು ಕೇಳಿಸಿಕೊಳ್ಳುವವರು ಬೇಕು.